ಕೊಲ್ಹಾರದ ಮೊಸರು, ಗುಂಡ್ಯಾನ ಗುಳಿಗೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ? ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಮನೆಯ ಹಿರಿಯನ ಹಾಗೆ ಪಡಸಾಲೆಯಲ್ಲೇ ಕೂತಿರುತ್ತದೆ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನ ಹತ್ತಿರ ಸಿಟ್ಟಲ್ಲದೆ ಇನ್ನೇನು ಉಳಿದಿರಬೇಕು ಹೇಳಿ. ಪ್ರಶ್ನೆಪತ್ರಿಕೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಪುಟ ತಿರುಗಿಸಿ’ ಎಂದು ಬರೆದಿರುತ್ತೇವೆ. ಆದರೂ ಪ್ರತಿ ವರ್ಷ ನಾಲ್ಕೈದು ಮಹಾನುಭಾವರು ಪುಟ ತಿರುಗಿಸದೆ, ಅರ್ಧ ಪೇಪರು ಬರೆದು, ಕೈಕಟ್ಟಿಕೊಂಡು ಕಿಟಕಿಯಾಚೆಯ ಬೇವಿನ ಗಿಡ ನೋಡುತ್ತ ಕೂತಿರುತ್ತಾರೆ. ಅಂಥವರನ್ನು ಎಬ್ಬಿಸಿ ನಿಲ್ಲಿಸಿ, ಆ ಎರಡು ಪದಗಳನ್ನು ಇಡೀ ಕ್ಲಾಸಿಗೆ ಕೇಳುವಂತೆ ಹತ್ತು ಸಲ ಓದಿಸುವುದು ನನ್ನ ಪದ್ಧತಿ. ದನಿ ಸಣ್ಣದಾದರೆ ‘ಕೇಳಸಲಿಲ್ಲ’ ಎನ್ನುತ್ತೇನೆ. ಮತ್ತೆ ಮೊದಲಿನಿಂದ ಓದಬೇಕು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ನಮ್ಮ ನಾಯಿ ಗುಂಡ್ಯಾನಿಗೆ ಜಡ್ಡಾದಾಗ ನಾನು ಯಾರ್ಯಾರ ಮೇಲೆ ಹರಿಹಾಯ್ದೆ ಎಂಬುದು ಮುಂದೆ ಬರುವುದಿದೆ, ನೀವು ಗಾಬರಿಯಾಗಬಾರದು. ಗುಂಡ್ಯಾ ಹೆಸರಿಗಷ್ಟೇ ಗುಂಡ್ಯಾ. ಎಣಿಸಲು ಬರುವಂಥ ಪಕ್ಕೆಲುಬು, ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಆರು ವರ್ಷದ ಹಿಂದೆ ಸಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳು ನಿಂತಾಗ ಈ ಮರಿಯೂ ಬಂದು ಸಾಲಿನ ತುದಿಗೆ ಕೂತಿತ್ತು. ನಾನು ‘ಹಚಾ!’ ಎಂದು ಗದರಿದೆ. ಇಡೀ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಮರಿ ಬಾಲ ಅಲ್ಲಾಡಿಸಿತು. ಅವತ್ತೇ ಮನೆಗೆ ತಂದೆ. ನನ್ನ ದನಿ ಏರಿದರೆ ಹೆಂಡತಿ ಸುಮಿತ್ರಾ ಅಡುಗೆಮನೆ ಸೇರುತ್ತಾಳೆ, ಸಹೋದ್ಯೋಗಿಗಳಿಗೆ ಒಮ್ಮೆಲೇ ಕ್ಲಾಸು ನೆನಪಾಗುತ್ತದೆ. ನಾನು ಎಷ್ಟು ಕೂಗಾಡಿದರೂ ಎದ್ದುಹೋಗದೆ ಎದುರಿಗೇ ಕೂತು ಕೇಳುವವನು ಅವನೊಬ್ಬನೇ. ಅವನಿಲ್ಲದ ಮನೆಯಲ್ಲಿ ಒಂದು ದಿನವೂ ಇರಲು ನನಗೆ ಆಗುವುದಿಲ್ಲ. ನಾಚಿಕೆ ಬಿಟ್ಟೇ ಹೇಳುತ್ತಿದ್ದೇನೆ.

ಜೂನಿನಲ್ಲಿ ಸಾಲೆ ಶುರುವಾದ ವಾರ ಗುಂಡ್ಯಾ ಊಟ ಬಿಟ್ಟ. ಮೊದಲ ದಿನ ಬಿಸಿಲು ಅಂದುಕೊಂಡೆವು. ಮೂರನೆಯ ದಿನ ಮೈ ಕಾದ ಹಂಚು; ಮೂಗಿನಿಂದ ಸಣ್ಣಗೆ ರಕ್ತ. ಕಿವಿ ಮಡಚಿ ನೋಡಿದರೆ ಒಳಗೆ ಹೆಸರುಕಾಳಿನ ಗಾತ್ರದ ಉಣ್ಣೆಗಳು ಕಚ್ಚಿಕೊಂಡು ಕೂತಿವೆ. ಸುದ್ದಿ ಹಬ್ಬಿದ್ದೇ ತಡ, ಊರಲ್ಲಿದ್ದವರೆಲ್ಲ ಡಾಕ್ಟರರಾದರು. ಎದುರುಮನೆಯಾಕೆ ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನಾಯಿ ಕೆಮ್ಮಲಿಲ್ಲ, ನಾನು ಕೆಮ್ಮಿದೆ. ಮುದ್ದೇಬಿಹಾಳದ ಷಡ್ಡಕ ಫೋನಿನಲ್ಲಿ ತಂಬಾಕಿನ ನೀರಿನಿಂದ ಮೈ ತೊಳೆಯಿರಿ ಎಂದ. ಲಿಂಬೆತೋಟಗಳ ಊರು ಇಂಡಿಯಲ್ಲಿರುವ ನನ್ನ ತಮ್ಮ ಲಿಂಬೆಹಣ್ಣು ಹಿಂಡಿ ಹಚ್ಚು ಎಂದ. ಇಂಡಿಯವರಿಗೆ ಲಿಂಬೆಹಣ್ಣಿಗೆ ಬಗ್ಗದ ರೋಗ ಈ ಭೂಮಿಯ ಮೇಲೆ ಇಲ್ಲ. ನಾಳೆ ನನ್ನ ಕಾಲು ಮುರಿದರೂ ಒಂದು ಬುಟ್ಟಿ ಲಿಂಬೆಹಣ್ಣು ಕಳಿಸುತ್ತಾನೆ. ‘ಮನುಷ್ಯರಿಗಾದ್ರ ಹಿಂಗ ಮಾಡ್ತೀರೇನು?’ ಎಂದು ಇಬ್ಬರಿಗೂ ಬೈದು ಫೋನಿಟ್ಟೆ. ಮನುಷ್ಯರಿಗೂ ಹಾಗೇ ಮಾಡುತ್ತಾರೆ ಎಂಬುದು ಆಮೇಲೆ ಹೊಳೆದು ಇನ್ನಷ್ಟು ಸಿಟ್ಟು ಬಂತು.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಮೈಬೂಬಸಾಬರ ಮೇಲೆ. ನಮ್ಮ ಗೋಡೆಗೆ ಗೋಡೆ ಹಚ್ಚಿ ಅವರ ಮನೆ. ಹಿತ್ತಲಲ್ಲಿ ನಾಲ್ಕು ಆಡು. ಉಣ್ಣೆ ಬಂದದ್ದು ಅಲ್ಲಿಂದಲೇ ಎಂದು ವಿಜ್ಞಾನ ಮಾಸ್ತರನಾಗಿ ಒಂದು ನಿಮಿಷದಲ್ಲಿ ತೀರ್ಮಾನಿಸಿ, ಗೋಡೆಯ ಮೇಲಿಂದಲೇ ಕೂಗಿದೆ.

“ಸಾಬರ, ನಿಮ್ಮ ಆಡಿನ ಉಣ್ಣಿ ನಮ್ಮ ನಾಯಿ ಜೀವಾ ತಗಿಯಾಕತ್ತಾವ!”

“ಬೇಕಾದ್ರ ಆಡಿನ ಮೈ ಮುಟ್ಟಿ ನೋಡ್ರಿ ಮಾಸ್ತರ್ರ, ಒಂದೂ ಇಲ್ಲ,” ಎಂದರು ಅವರು. “ಗುಂಡ್ಯಾ ಮಲಗೋ ಗೋಣಿಚೀಲ ಒಮ್ಮಿ ಝಾಡಿಸಿ ನೋಡ್ರಲಾ.”

“ನನಗ ಪಾಠ ಹೇಳಾಕ ಬರಬ್ಯಾಡ್ರಿ!”

ಅಲ್ಲಿಗೆ ಹದಿನೆಂಟು ವರ್ಷದ ಮಾತುಕತೆ ನಿಂತಿತು. ನಿಲ್ಲಿಸಿದವನು ನಾನು.

ಮರುದಿನ ಗುಂಡ್ಯಾನನ್ನು ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆ. ಹೆಸರೇ ಹೇಳುವಂತೆ ಅದು ದನಗಳ ರಾಜ್ಯ. ಅಲ್ಲಿ ನಾಯಿ ಹಿಡಿದು ನಿಂತವನನ್ನು ಜನ ಕೆಲಸವಿಲ್ಲದವನ ಹಾಗೆ ನೋಡುತ್ತಾರೆ. ಡಾಕ್ಟರ್ ಬಾಯಾರು (ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಹಾಗೆನ್ನುತ್ತೇವೆ) ತರುಣಿ. ನನ್ನನ್ನು ಕಂಡವರೇ ಎದ್ದು ನಿಂತು, “ನಮಸ್ಕಾರ್ರಿ ಸರ್, ನಾನು ಸವಿತಾ, ನಿಮ್ಮ ಸ್ಟೂಡೆಂಟ್ ಇದ್ದೆ,” ಎಂದರು. ನೆನಪಿದೆ ಎಂದೆ. ನೆನಪಿರಲಿಲ್ಲ. ರಕ್ತ ತೆಗೆದು ಪರೀಕ್ಷೆ ಮಾಡಿಸಿ, ಮಧ್ಯಾಹ್ನ ಮತ್ತೆ ಕರೆದು ಸಾವಧಾನವಾಗಿ ವಿವರಿಸಿದರು.

“ಉಣ್ಣಿ ಜ್ವರ ಐತ್ರಿ ಸರ್. ಉಣ್ಣಿ ಕಡದಾಗ ಒಂದು ಬ್ಯಾಕ್ಟೀರಿಯಾ ರಕ್ತಕ್ಕ ಸೇರಿ, ಬಿಳಿ ರಕ್ತಕಣದೊಳಗ ಮನಿ ಮಾಡತೈತಿ. ಪ್ಲೇಟ್‌ಲೆಟ್ ಕಡಿಮಿ ಆಗ್ತಾವ, ಅದಕ್ಕ ಮೂಗಿನ್ಯಾಗ ರಕ್ತ. ಈ ಸಲ ಸಿಂದಗಿ ಕಡಿಂದನೂ ಇಂಥ ನಾಯಿ ಭಾಳ ಬರಾಕತ್ತಾವು. ಗುಳಿಗಿ ಬಿಡದಂಗ ಇಪ್ಪತ್ತೆಂಟು ದಿನ ಕೊಡ್ರಿ, ಉಳೀತಾನ. ಆದ್ರ ಒಂದ್ ಮಾತು ಭಾಳ ಲಕ್ಷ್ಯ ಇಟ್ಟು ಕೇಳ್ರಿ ಸರ್...”

ಸರಿಯಾಗಿ ಆ ಹೊತ್ತಿಗೆ ಹಿಂದಿನಿಂದ ಒಬ್ಬ ತನ್ನ ಎಮ್ಮೆಯನ್ನು ನನ್ನ ಬೆನ್ನಿಗೇ ನೂಕಿದ. “ನಾಯಿ ಸರಸ್ರಿ, ನಂದು ಗಬ್ಬದ ಎಮ್ಮಿ ಐತಿ,” ಎಂದ. ನನ್ನ ನಾಯಿಗೆ ಮೂಗಿನಲ್ಲಿ ರಕ್ತ, ಇವನಿಗೆ ಗಬ್ಬದ ಎಮ್ಮೆ! ನಾನು ಪಾಳಿ ಎಂದರೇನು, ನಾಗರಿಕತೆ ಎಂದರೇನು, ಎಮ್ಮೆಗೂ ಅದರ ಧಣಿಗೂ ಇರಬೇಕಾದ ವ್ಯತ್ಯಾಸವೇನು ಎಂದು ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ತಿರುಗಿದಾಗ ಡಾಕ್ಟರ್ ಬಾಯಾರು ಮಾತು ಮುಗಿಸಿ ಚೀಟಿ ಚಾಚಿದ್ದರು. ತಿಳಿಯಿತಾ ಸರ್ ಎಂದು ಕೇಳಿದರು. ಮಾಸ್ತರನಾದವನು ತಿಳಿಯಲಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? ಎಲ್ಲ ತಿಳಿಯಿತು ಎಂದೆ.

ಈಗ ಗುಳಿಗೆ ನುಂಗಿಸುವ ಸಂಗತಿ. ಗುಂಡ್ಯಾ ರೊಟ್ಟಿಯಲ್ಲಿಟ್ಟರೆ ರೊಟ್ಟಿ ತಿಂದು ಗುಳಿಗೆ ಉಗುಳಿದ. ಬೆಲ್ಲದಲ್ಲಿಟ್ಟರೆ ಬೆಲ್ಲವನ್ನೂ ಉಗುಳಿದ. ಆಗ ನೆನಪಾದದ್ದು ಕೊಲ್ಹಾರದ ಮೊಸರು. ಸುಮಿತ್ರಾಳ ತವರು ಕೊಲ್ಹಾರ. ನನ್ನ ಹೆಂಡತಿಯ ತಮ್ಮ ವಾರಕ್ಕೊಮ್ಮೆ ಮಣ್ಣಿನ ಗಡಿಗೆಯಲ್ಲಿ ಮೊಸರು ತರುತ್ತಾನೆ. ಗಡಿಗೆಯನ್ನು ಬೋರಲು ಹಿಡಿದರೂ ಬೀಳದಷ್ಟು ಗಟ್ಟಿ. ಮೇಲೆ ಬೆರಳುದಪ್ಪ ಕೆನೆ. ನಮ್ಮ ಕಡೆ ಕಹಿ ಔಷಧಿಯನ್ನು ಮಕ್ಕಳಿಗೆ ನುಂಗಿಸುವುದೇ ಇದರಲ್ಲಿ. ಜ್ವರಕ್ಕೂ ಮೊಸರು, ಉರಿಗೂ ಮೊಸರು, ಪರೀಕ್ಷೆಗೆ ಹೊರಟರೂ ಮೊಸರು. ಕೆನೆಯಲ್ಲಿ ಗುಳಿಗೆ ಹುದುಗಿಸಿ ಮುಂದಿಟ್ಟೆ. ಮೂರು ದಿನ ಸರಿಯಾಗಿ ಉಣ್ಣದಿದ್ದ ಗುಂಡ್ಯಾ ನೆಕ್ಕಿ ನೆಕ್ಕಿ ನುಂಗಿದ. ನನ್ನ ಕಣ್ಣಲ್ಲಿ ನೀರು ಬಂತು. “ಡಾಕ್ಟರ್ ಬಾಯಾರು ಏನಾರ ಪಥ್ಯ ಹೇಳ್ಯಾರೇನ್ರಿ?” ಎಂದು ಸುಮಿತ್ರಾ ಕೇಳಿದಳು. “ಹೇಳಿದ್ರ ನಾ ಕೇಳಿರ್ತಿದ್ದಿಲ್ಲೇನು?” ಎಂದು ಗದರಿದೆ. ಅವಳು ಅಡುಗೆಮನೆಗೆ ಹೋದಳು. ಹೊತ್ತುಹೊತ್ತಿಗೆ, ಒಂದೂ ತಪ್ಪದೆ, ನನ್ನ ಕೈಯಾರೆ ಮೊಸರಿನಲ್ಲಿ ಗುಳಿಗೆ ಕೊಟ್ಟೆ.

ಹನ್ನೆರಡು ದಿನವಾಯಿತು. ಗುಂಡ್ಯಾ ಏಳಲಿಲ್ಲ. ಒಸಡು ಸುಣ್ಣದ ಗೋಡೆಯಂತೆ ಬಿಳುಚಿತು. ಸಾಲೆಯಿಂದ ಬಂದು ಗೇಟು ತೆರೆದರೆ ತಲೆ ಎತ್ತುತ್ತಿರಲಿಲ್ಲ, ಬಾಲದ ತುದಿ ಮಾತ್ರ ಒಮ್ಮೆ ನೆಲಕ್ಕೆ ಬಡಿಯುತ್ತಿತ್ತು. ನನಗೆ ಭಯವಾಯಿತು. ಭಯವಾದರೆ ಬೇರೆಯವರು ದೇವರನ್ನು ನೆನೆಯುತ್ತಾರೆ, ನಾನು ಬೈಯಲು ಜನ ಹುಡುಕುತ್ತೇನೆ. ಗುಳಿಗೆ ಡುಪ್ಲಿಕೇಟು ಎಂದು ಔಷಧದ ಅಂಗಡಿಯವನನ್ನು ಬೈದೆ. ನಾನಿಲ್ಲದಾಗ ಏನೇನೋ ತಿನ್ನಿಸುತ್ತೀ ಎಂದು ಸುಮಿತ್ರಾಳನ್ನು ಬೈದೆ. ಗೋಡೆಯಾಚೆ ಆಡು ಅರಚಿದರೆ ಆಡನ್ನೂ ಬೈದೆ. ಕೊನೆಗೆ ಉಳಿದವರು ಡಾಕ್ಟರು. ಕಲಿತ ಸಾಲೆಗೆ ಹೆಸರು ತರುವ ಬದಲು ನಾಯಿ ಕೊಲ್ಲುತ್ತಿದ್ದಾಳೆ ಎಂದು ಕುದಿಯುತ್ತ, ಗುಂಡ್ಯಾನನ್ನು ಎತ್ತಿಕೊಂಡು ದವಾಖಾನೆಗೆ ನುಗ್ಗಿದೆ. ನನ್ನ ದುರ್ದೈವಕ್ಕೆ ಆ ಎಮ್ಮೆಯವನೂ ಅವತ್ತು ಬಂದಿದ್ದ.

“ಏನು ಔಷಧ ಕೊಟ್ಟೀರಿ ನೀವು? ನಾಯಿ ಸಾಯಾಕತ್ತೈತಿ!” ಎಂದು ಕೂಗಿದೆ.

ಡಾಕ್ಟರ್ ಬಾಯಾರು ಒಸಡು ನೋಡಿದರು, ಕಣ್ಣು ನೋಡಿದರು. ಗುಳಿಗೆ ಯಾವುದರಲ್ಲಿ ಕೊಡುತ್ತೀರಿ ಎಂದು ಕೇಳಿದರು. ನಾನು ಎದೆಯುಬ್ಬಿಸಿ ಕೊಲ್ಹಾರ, ಗಡಿಗೆ, ಕೆನೆ ಎಲ್ಲವನ್ನೂ ವರ್ಣಿಸಿದೆ. ಅವರು ಚೀಟಿ ಇದೆಯೇ ಎಂದರು. ಜೇಬಿನಲ್ಲೇ ಇತ್ತು.

“ಕೆಳಗ ಕಡೀ ಸಾಲಿನ್ಯಾಗ ಏನ್ ಬರದೇನಿ, ಓದ್ರಿ ಸರ್.”

ಓದಿದೆ. ‘ಹಿಂದೆ ನೋಡಿ’ ಎಂದಿತ್ತು. ಪಕ್ಕದಲ್ಲಿ ಒಂದು ಬಾಣವೂ ಇತ್ತು.

ತಿರುಗಿಸಿದೆ. ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು ಬರೆದಿತ್ತು. ತುಟಿಯೊಳಗೇ ಓದಿಕೊಂಡೆ.

“ಕೇಳಸಲಿಲ್ರಿ ಸರ್,” ಎಂದರು ಡಾಕ್ಟರ್ ಬಾಯಾರು. ಅವರ ಮುಖದಲ್ಲಿ ನಗು ಇರಲಿಲ್ಲ. ಆಗ ನೆನಪಾಯಿತು ನನಗೆ: ಒಂಬತ್ತನೆಯ ಕ್ಲಾಸು, ಎರಡನೆಯ ಬೆಂಚು, ಎರಡು ಜಡೆ.

“ಊಟದ ಜೊತೆ ಕೊಡಬೇಕು,” ಎಂದು ಜೋರಾಗಿ ಓದಿದೆ. “ಹಾಲು, ಮೊಸರಿನ ಜೊತೆ ಕೊಡಲೇಬಾರದು. ಮಲಗುವ ಗೋಣಿಚೀಲ ಸುಟ್ಟು, ಗೋಡೆಯ ಬಿರುಕಿಗೆ ಔಷಧ ಹೊಡೆಯಬೇಕು.”

“ಮೊಸರಿನ ಸುಣ್ಣದಂಶ ಗುಳಿಗೀನ ಹಿಡಕೊಂಡು ಕುಂದರತೈತ್ರಿ ಸರ್. ರಕ್ತಕ್ಕ ಹೋಗಾಕ ಬಿಡೂದಿಲ್ಲ,” ಎಂದು ಬಾಯಾರು ಸಾವಕಾಶ ತಿಳಿಸಿದರು. “ಎರಡು ವಾರ ಅವ ಮೊಸರಷ್ಟ ತಿಂದಾನ ಅನ್ಕೋರಿ.” ಹಿಂದಿನಿಂದ ಎಮ್ಮೆಯವನು, “ಮಾಸ್ತರ್ರ, ಪಾಳಿ ಬಿಡ್ರಿ,” ಎಂದ. ಬಿಟ್ಟೆ.

ಮನೆಗೆ ಬಂದು ಗೋಣಿಚೀಲ ಝಾಡಿಸಿದೆ. ಅದರಲ್ಲಿ ಏನೆಲ್ಲ ಹರಿದಾಡುತ್ತಿತ್ತು ಎಂದು ಬರೆಯುವುದಿಲ್ಲ, ನೀವು ಉಂಡು ಕೂತಿರಬಹುದು. ಸುಟ್ಟುಹಾಕುತ್ತಿದ್ದಾಗ ಸುಮಿತ್ರಾ ಬಂದು ನಿಂತಳು. ಎರಡು ವಾರದಿಂದ ಹಿಡಿದಿಟ್ಟಿದ್ದ ಮಾತನ್ನು ಆಗ ಹೇಳಿದಳು. “ನೀವು ಸಾಲಿಗಿ ಹೋದ ಮ್ಯಾಲೆ ಮೈಬೂಬಣ್ಣ ದಿನಾ ಬಂದು ಕುಂತು ಗುಂಡ್ಯಾನ ಉಣ್ಣಿ ಆರಿಸಿ ತಗದು ಹೋಗ್ತಾರ. ಮಾಸ್ತರ್ಗೆ ಹೇಳಬ್ಯಾಡವಾ, ಸಿಟ್ಟಾಗ್ತಾರ ಅಂದಿದ್ರು.”

ನನಗೆ ಬಂದ ಸಿಟ್ಟಿಗೆ ಮಿತಿ ಇರಲಿಲ್ಲ. ಆದರೆ ಈ ಸಲ ಅದನ್ನು ಯಾರ ಮೇಲೆ ಹಾಕಬೇಕೆಂದು ಎಷ್ಟು ಹುಡುಕಿದರೂ ಒಬ್ಬನೇ ಸಿಕ್ಕ. ಅವನನ್ನು ಮನಸ್ಸಿನಲ್ಲೇ ಬೈದೆ, ಚೆನ್ನಾಗಿಯೇ ಬೈದೆ.

ಲೆಕ್ಕ ಮತ್ತೆ ಒಂದನೆಯ ದಿನದಿಂದ ಶುರುವಾಯಿತು. ಈಗ ಗುಳಿಗೆಯನ್ನು ಜೋಳದ ಮುದ್ದೆಯಲ್ಲಿ ಅಡಗಿಸಿ ಸುಮಿತ್ರಾ ಕೊಡುತ್ತಿದ್ದಳು. ನನ್ನ ಕೆಲಸ ಬದಿಯಲ್ಲಿ ನಿಂತು ಚೀಟಿಯ ಎರಡೂ ಬದಿ ಓದುವುದು. ವಾರದೊಳಗೆ ಒಸಡಿಗೆ ಬಣ್ಣ ಬಂತು. ಮೂರನೆಯ ವಾರ ಗುಂಡ್ಯಾ ಎದ್ದು, ಗೋಡೆಗೆ ಮುಂಗಾಲು ಕೊಟ್ಟು, ಆಡುಗಳಿಗೆ ಬೊಗಳಿದ. ಅಷ್ಟು ಚೆಂದದ ದನಿಯನ್ನು ನಾನು ಇಲ್ಲಿಯವರೆಗೆ ಕೇಳಿಲ್ಲ.

ಅವತ್ತು ಸಂಜೆ ಕೊಲ್ಹಾರದಿಂದ ಬಂದ ಹೊಸ ಗಡಿಗೆಯನ್ನು ಎತ್ತಿಕೊಂಡು ಮೈಬೂಬಸಾಬರ ಮನೆಗೆ ಹೋದೆ. ಗುಂಡ್ಯಾ ಹಿಂದೆಯೇ ಬಂದ. ಸಾಬರು ಕಟ್ಟೆಯ ಮೇಲೆ ಕೂತು ಆಡಿಗೆ ತೊಪ್ಪಲು ಹಾಕುತ್ತಿದ್ದರು. ‘ತಪ್ಪಾತ್ರಿ ಸಾಬರ’ ಎಂಬುದು ನನ್ನ ಬಾಯಿಗೆ ರೂಢಿಯಿಲ್ಲದ ಮಾತು. ಎರಡು ಸಲ ಗಂಟಲಲ್ಲೇ ನಿಂತು ಮೂರನೆಯ ಸಲ ಹೊರಬಂತು. ಗಡಿಗೆಯನ್ನು ಅವರ ಕೈಗಿಟ್ಟೆ.

ಸಾಬರು ನನ್ನ ಮುಖ ನೋಡಿದರು, ಗಡಿಗೆ ನೋಡಿದರು. ಎಮ್ಮೆಯವನು ಸಂತೆಯಲ್ಲಿ ಏನೇನು ಹೇಳಿದ್ದನೋ ಏನೋ. ನಿಧಾನವಾಗಿ ಗಡಿಗೆಯನ್ನು ಎತ್ತಿ, ಬೋರಲು ಮಾಡಿ, ಅದರ ತಳವನ್ನು ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಮೊಸರು ಒಂದು ಹನಿಯೂ ಚೆಲ್ಲಲಿಲ್ಲ.

“ಏನ್ ನೋಡ್ತೀರಿ?” ಎಂದೆ.

“ಏನಿಲ್ರಿ ಮಾಸ್ತರ್ರ,” ಎಂದರು ಸಾಬರು. “ಹಿಂದ ಏನಾರ ಬರದೈತೇನಂತ.”

ನನಗೆ ಭಯಂಕರ ಸಿಟ್ಟು ಬಂತು. ಬಾಯಿ ತೆರೆದೆ. ಗುಂಡ್ಯಾ ನನ್ನ ಎದುರಿಗೆ ಬಂದು ಕೂತು, ಒಂದು ಕಿವಿ ನೆಟ್ಟಗೆ ಮಾಡಿ, ಕೇಳಲು ಸಿದ್ಧನಾದ. ಅವನ ಬಾಲ ಅಲ್ಲಾಡುವುದನ್ನು ನೋಡುತ್ತ ನಿಂತೆ. ಬೈಗುಳ ಒಂದೂ ನೆನಪಾಗಲಿಲ್ಲ.