ಶ್ರುತಿ ಏರಿಸಿದ ಬಿಸ್ಕತ್ ಡಬ್ಬ

ಮೈಸೂರಿನಲ್ಲಿ ಮೊಟ್ಟಮೊದಲು ಮನೆಯಲ್ಲೇ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ತಯಾರಿಸಿದ ಮಹಾಪುರುಷ ಯಾರು ಎಂದು ಮುಂದೊಂದು ದಿನ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ, ಉತ್ತರ ಸಿದ್ದಲಿಂಗಸ್ವಾಮಿ, ಅಂದರೆ ನಾನು! 1996ರ ಶ್ರಾವಣಕ್ಕೆ ಮೂರು ವಾರವಿದ್ದಾಗ ನಾನು ಹೀಗೆ ನಿರ್ಧರಿಸಿಬಿಟ್ಟೆ. ಹದಿನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಕ್ಕೆ ದಾರ ಕಟ್ಟಿದ ಗುಮಾಸ್ತನಿಗೆ ಇಷ್ಟಾದರೂ ಆಸೆ ಬೇಡವೇ?

ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಪತ್ರಿಕೆಯೊಂದರಲ್ಲಿ ಅದರ ನಕ್ಷೆಯಿತ್ತು. ಉದಯಗಿರಿಯ ರೇಡಿಯೋ ರಿಪೇರಿ ಪುಟ್ಟಣ್ಣ ಸತ್ತ ರೇಡಿಯೋಗಳ ಹೊಟ್ಟೆ ಬಗೆದು ಬೇಕಾದ ಬಿಡಿಭಾಗಗಳನ್ನೆಲ್ಲ ಕೊಟ್ಟ. ಅವನ್ನು ನಾನು ದೊಡ್ಡದೊಂದು ಬಿಸ್ಕತ್ ಡಬ್ಬದೊಳಗೆ ತುರುಕಿ, ಮುಚ್ಚಳ ಬಿಗಿದು, ಮೇಲೆ ‘ಸಿದ್ಧನಾದ’ ಎಂದು ಬಣ್ಣದಲ್ಲಿ ಬರೆದು ಅವನಿಗೆ ತೋರಿಸಿದೆ.

"ಟ್ರಾನ್ಸ್‌ಫಾರ್ಮರ್ ಆಚೆಗಿಡಿ ಸ್ವಾಮಿ, ಒಳಗೆಲ್ಲ ಕಾವಾಯ್ತದೆ" ಅಂದ.

"ಆಚೆ ಇಟ್ಟರೆ ಅಂದ ಕೆಡುತ್ತೆ ಪುಟ್ಟಣ್ಣ."

"ಅಂದ ನೋಡ್ಕಂಡು ಕುಂತ್ಕಳಕ್ಕೆ ಅದೇನು ಮದುವೆ ಎಣ್ಣಾ?"

ಕಲೆಯ ಗಂಧವಿಲ್ಲದ ಮನುಷ್ಯ ಎಂದುಕೊಂಡು ಡಬ್ಬ ಎತ್ತಿಕೊಂಡು ಬಂದೆ.

ಇನ್ನು ಬೇಕಾದದ್ದು ಸ್ವರಕ್ಕೊಂದರಂತೆ ಬೆರಳಲ್ಲಿ ಒತ್ತುವ ಕಪ್ಪು-ಬಿಳಿ ಮನೆಗಳು. ಅವು ನಮ್ಮ ಮನೆಯಲ್ಲೇ ಇದ್ದವು, ನನ್ನ ಹೆಂಡತಿ ಸುಷ್ಮಾಳ ಹಾರ್ಮೋನಿಯಂನಲ್ಲಿ. ಮದುವೆಯಲ್ಲಿ ಮಾವನವರಾದ ಸದಾಶಿವಯ್ಯನವರು ಕೊಟ್ಟದ್ದು ಅದು. ಅವಳು ನಾಲ್ಕು ದಿನಕ್ಕೆಂದು ಹಿನಕಲ್‌ನ ತವರಿಗೆ ಹೋಗಿದ್ದಳು. ಕಳಚಿ, ಉಪಯೋಗಿಸಿ, ಅವಳು ಬರುವುದರೊಳಗೆ ವಾಪಸ್ಸು ಕೂರಿಸುವುದು ನನ್ನ ಪ್ರಾಮಾಣಿಕ ಉದ್ದೇಶವಾಗಿತ್ತು. ಆದರೆ ಮನೆಗಳು ಡಬ್ಬಕ್ಕಿಂತ ಉದ್ದವಿದ್ದವು. ಡಬ್ಬವನ್ನಂತೂ ಹಿಗ್ಗಿಸಲಾಗದು, ಹಾಗಾಗಿ ಗರಗಸ ತೆಗೆದುಕೊಂಡೆ.

ನಾಲ್ಕನೇ ದಿನ ಸುಷ್ಮಾ ಬಂದು ಹಾರ್ಮೋನಿಯಂನ ಮುಚ್ಚಳ ತೆಗೆದಳು.

"ರೀ, ಇದರ ಬಾಯಲ್ಲಿ ಒಂದು ಹಲ್ಲೂ ಇಲ್ವಲ್ರೀ?"

"ಹಲ್ಲು ಎಲ್ಲೂ ಹೋಗಿಲ್ಲ ಕಣೇ, ಬಿಸ್ಕತ್ ಡಬ್ಬಕ್ಕೆ ಕಟ್ಟಿಸಿದ್ದೀನಿ."

"ಸೋಮವಾರ ಮಠದಲ್ಲಿ ನಾನು ಏನಿಟ್ಕೊಂಡು ಹಾಡ್ಲಿ?"

ಆ ಶ್ರಾವಣ ಸೋಮವಾರ ಸಾಮಾನ್ಯದ್ದಲ್ಲ. ನಮ್ಮ ಬೀದಿಯ ಭಜನಾ ಬಳಗವನ್ನು ಇಪ್ಪತ್ತು ವರ್ಷ ನಡೆಸಿದ ಮಹದೇವಮ್ಮನವರು ಅಂದು ಮೊದಲ ಸಲ ಸುಷ್ಮಾಳನ್ನು ಮುಂದೆ ಕೂರಿಸುವವರಿದ್ದರು. ಚೆನ್ನಾಗಿ ನಡೆದರೆ ಬಳಗ ಇನ್ನು ಅವಳದೇ. ಮೂರು ತಿಂಗಳಿಂದ ಒಗ್ಗರಣೆ ಹಾಕುವಾಗಲೂ ಹಾಡುತ್ತಿದ್ದಳು. ಈಗ ಬರಿದಾದ ಹಾರ್ಮೋನಿಯಂ ಅನ್ನು ಸೆರಗಿನಿಂದ ಒರೆಸುತ್ತಾ ಕೂತಳು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ನಾಚಿಕೆ ಒಪ್ಪಿಕೊಂಡರೆ ಮಹಾಪುರುಷನ ಗತಿಯೇನು? "ಇದರಲ್ಲೇ ಹಾಡು" ಎಂದು ಸಿದ್ಧನಾದವನ್ನು ಅವಳ ಮುಂದಿಟ್ಟೆ. ಮಹದೇವಮ್ಮನವರೇ ಬಳಗದೊಂದಿಗೆ ಬಂದು ಪರೀಕ್ಷಿಸಿದರು. ಹತ್ತು ನಿಮಿಷ ಕೇಳಿದರು. ಮನೆಯ ಸಂಖ್ಯೆ ಏರಿದಷ್ಟೂ ದನಿ ಎತ್ತರ; ಅವರು ಹಾಡುವ ಐದು ಮನೆ ಶ್ರುತಿ ಅಚ್ಚುಕಟ್ಟಾಗಿ ನಿಂತಿತ್ತು.

"ಸರಿಯಾಗೈತೆ ಕಣಪ್ಪ" ಎಂದರು. ಹೊರಡುವಾಗ ಬಳಗದ ಹೆಂಗಸರಿಗೆ ತಮ್ಮ ನಿಯಮವನ್ನು ಇನ್ನೊಮ್ಮೆ ಹೇಳಿದರು: "ಜೀವ ಬುಟ್ರೂ ಶ್ರುತಿ ಬುಡಬಾರ್ದು ಕಣ್ರಮ್ಮ. ಪೆಟ್ಟಿಗೆ ಸ್ವರ ಎಲ್ಲಿರ್ತದೋ ನಾವೂ ಅಲ್ಲೇ."

ಸೋಮವಾರ ಸಂಜೆ ಮಠ ತುಂಬಿತ್ತು. ಸ್ವಾಮಿಗಳು ಎದುರಿಗೆ ಕೂತಿದ್ದರು. ಎಲ್ಲರಿಗೂ ಕಾಣಲಿ ಎಂದು ನಾನು ಡಬ್ಬವನ್ನು ಎರಡು ದೊಡ್ಡ ದೀಪಗಳ ನಡುವೆ ಇಟ್ಟೆ. ಮೊದಲನೆಯ ವಚನ ಐದು ಮನೆಯಲ್ಲಿ ಸೊಗಸಾಗಿ ಮುಗಿಯಿತು. ಎರಡನೆಯದರ ಹೊತ್ತಿಗೆ ಪುಟ್ಟಣ್ಣ ಹೇಳಿದ ಕಾವು ಒಳಗಿನಿಂದಲೂ ದೀಪದ ಕಾವು ಹೊರಗಿನಿಂದಲೂ ಸೇರಿ, ಶ್ರುತಿ ಮೆಲ್ಲಗೆ ಐದೂವರೆಗೆ ಹತ್ತಿತು. ನಿಯಮದಂತೆ ಬಳಗವೂ ಹತ್ತಿತು. ಮೂರನೆಯದರಲ್ಲಿ ಶ್ರುತಿ ಆರು ದಾಟಿತು. ಮಹದೇವಮ್ಮನವರ ಕತ್ತಿನ ನರ ಉಬ್ಬಿತು. ಲಕ್ಷ್ಮಮ್ಮ ಬರೀ ಬಾಯಿ ಆಡಿಸತೊಡಗಿದರು. ಬಸಮ್ಮ ಹಿಮ್ಮಡಿ ಎತ್ತಿ ಅಲ್ಲಿಂದ ಸ್ವರ ತರಲು ನೋಡುತ್ತಿದ್ದರು. ಒಬ್ಬರಾದರೂ ಶ್ರುತಿ ಬಿಡಲಿಲ್ಲ!

ಸುಷ್ಮಾ ಕೆಳಗಿನ ಮನೆ ಒತ್ತಿ ನೋಡಿದಳು. ಸ್ವರ ಎರಡು ಮನೆಗಳ ನಡುವಿನ ಯಾವುದೋ ಓಣಿಯಿಂದ ಹೊರಟಿತು. ಡಬ್ಬ ಮುಟ್ಟಿದಳು, ಬೆರಳು ಸುಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಕಂಡಾಗ ನನ್ನ ಪರೀಕ್ಷೆಯ ಪ್ರಶ್ನೆ, ಉತ್ತರ ಎಲ್ಲವೂ ಮರೆತುಹೋದವು.

"ರೀ, ಬೀಸಣಿಗೆ" ಎಂದು ಪಿಸುಗುಟ್ಟಿದಳು.

ಸ್ವಾಮಿಗಳ ಪಕ್ಕದಲ್ಲಿದ್ದ ಲಾವಂಚದ ಬೀಸಣಿಗೆಯನ್ನು ಕೈಮುಗಿದು ಇಸಿದುಕೊಂಡು ಬಂದೆ. ದೀಪಗಳನ್ನು ಆಚೆ ಸರಿಸಿ, ಅವಳ ಮಗ್ಗುಲಲ್ಲಿ ಮಂಡಿಯೂರಿ ಬೀಸತೊಡಗಿದೆ. ಶ್ರುತಿ ಆರಕ್ಕೆ ಬಂತು, ಐದೂವರೆಗೆ ಬಂತು. ಹೆಂಗಸರು ಒಬ್ಬೊಬ್ಬರಾಗಿ ನೆಲಕ್ಕೆ ಇಳಿದರು. ಹುರುಪಿನಲ್ಲಿ ಜಾಸ್ತಿ ಬೀಸಿದೆ, ಬಳಗ ಗಂಡಸರ ದನಿಗೆ ಇಳಿಯಿತು. ಸುಷ್ಮಾ ಹಾಡುತ್ತಲೇ ಹುಬ್ಬು ಎತ್ತಿದರೆ ಜೋರಾಗಿ, ಗಂಟಿಕ್ಕಿದರೆ ನಿಧಾನವಾಗಿ, ಹೀಗೆ ಉಳಿದ ನಾಲ್ಕೂ ವಚನ ಮುಗಿಯುವವರೆಗೆ ಬೀಸಿದೆ. ಕೊನೆಯದನ್ನು ಅವಳು ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಇಡೀ ಮಠ ಉಸಿರು ಹಿಡಿದಿತ್ತು. ನನಗೆ ಮಾತ್ರ ಏದುಸಿರು.

ಕಾರ್ಯಕ್ರಮ ಮುಗಿದ ಮೇಲೆ ಜನ ನನ್ನನ್ನು ಮುತ್ತಿಕೊಂಡರು. ಸಿದ್ಧನಾದದ ರಚನೆಯನ್ನು ವಿವರಿಸಲು ಗಂಟಲು ಸರಿಮಾಡಿಕೊಂಡೆ. ಮುಂದೆ ಬಂದ ದೇವಿರಮ್ಮ ಎಂಬ ಮುದುಕಿ ನನ್ನ ಕೈ ಹಿಡಿದುಕೊಂಡರು.

"ಎಂಡ್ತಿ ಆಡೋವಾಗ ಸೆಕೆ ಆಯ್ತದೆ ಅಂತ ಅಷ್ಟೊತ್ತು ಮಂಡಿಯೂರಿ ಗಾಳಿ ಬೀಸ್ದಲ್ಲಪ್ಪ, ನಮ್ ಕಾಲ್ದಲ್ಲಿ ಇಂಥ ಗಂಡ ಎಲ್ಲವ್ನೆ? ಅದ್ಸರಿ, ಆ ಬಿಸ್ಕತ್ ಡಬ್ಬದಲ್ಲಿ ಪ್ರಸಾದ ಐತಾ?"

ಮಹಾಪುರುಷ ಅಲ್ಲಿಗೆ ಮುಗಿದ. ಮರುದಿನವೇ ಹಾರ್ಮೋನಿಯಂಗೆ ಹೊಸ ಮನೆಗಳನ್ನು ಹಾಕಿಸಲು ಕೊಟ್ಟೆ. ಶನಿವಾರ ಅದು ಪೂರ್ತಿ ಹಲ್ಲಿನೊಂದಿಗೆ ಮನೆಗೆ ಬಂತು. ಅಂದೇ ಮುಂದಿನ ಸೋಮವಾರದ ಕರಪತ್ರವೂ ಅಚ್ಚಾಗಿ ಬಂತು. ‘ಗಾಯನ ಮತ್ತು ಹಾರ್ಮೋನಿಯಂ: ಶ್ರೀಮತಿ ಸುಷ್ಮಾ ಮತ್ತು ಬಳಗ’ ಎಂದಿತ್ತು. ಅದರ ಕೆಳಗಿನ ಸಾಲು ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ: ‘ಬೀಸಣಿಗೆ: ಶ್ರೀ ಸಿದ್ದಲಿಂಗಸ್ವಾಮಿ.’

"ಸುಷ್ಮಾ, ಇನ್ನು ಆ ಡಬ್ಬ ಇಲ್ವಲ್ಲೇ. ಹಾರ್ಮೋನಿಯಂಗೆ ಯಾಕೆ ಬೀಸಣಿಗೆ?"

"ಅದಕ್ಕಲ್ಲ ರೀ" ಅಂದಳು, ಹೊಸ ಮನೆಗಳ ಮೇಲೆ ಬೆರಳು ಓಡಿಸುತ್ತಾ. "ನನಗೆ."