ಭುಜಕ್ಕೊಂದು ಹದ್ದಿನ ಮೊಹರು

ಯೋಗ ತರಗತಿಯಲ್ಲಿ ಒಬ್ಬರ ಭುಜವನ್ನು ಇನ್ನೊಬ್ಬರು ಒತ್ತುವುದು ಸರಕಾರಕ್ಕೆ ಸಂಬಂಧಪಟ್ಟ ವಿಷಯ ಎಂಬುದು ಆ ವರ್ಷದ ಮಾರ್ಚ್ ತಿಂಗಳವರೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಯ ಒಂದು ಯುವಕೇಂದ್ರದಲ್ಲಿ ಶಾಹಿಂದಾ ಹನ್ನೊಂದು ವರ್ಷದಿಂದ ಹೆಂಗಸರಿಗೆ ಯೋಗ ಕಲಿಸುತ್ತಿದ್ದಳು. ಯುವಕೇಂದ್ರಕ್ಕೆ ಬರುವವರೆಲ್ಲ ಐವತ್ತು ದಾಟಿದವರು. ಕೊನೆಯಲ್ಲಿ ಎಲ್ಲರೂ ಶವಾಸನದಲ್ಲಿ ಮಲಗಿದಾಗ ಅವಳು ಒಬ್ಬೊಬ್ಬರ ಬಳಿ ಕೂತು, ಕೇಳಿ, ಭುಜ ಒತ್ತಿ, ಕುತ್ತಿಗೆ ಸರಿಮಾಡುತ್ತಿದ್ದಳು. ಮುಂದಿನ ಸಾಲಿನ ಇನ್ಶಿರಾಹ್, ಎಲ್ಲರ ಬಾಯಲ್ಲಿ ತಾಂತ್ ಅಂದರೆ ಚಿಕ್ಕಮ್ಮ, ಬರುತ್ತಿದ್ದದ್ದೇ ಅದಕ್ಕೆ. ಅವರ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಮೇಲೆ ಅವರ ಮೈ ಮುಟ್ಟಿದವರು ಇಬ್ಬರೇ, ರಕ್ತದೊತ್ತಡ ನೋಡುವ ನರ್ಸು ಮತ್ತು ಶಾಹಿಂದಾ. ನರ್ಸು ಮುಟ್ಟುತ್ತಿದ್ದದ್ದೂ ಪಟ್ಟಿ ಕಟ್ಟುವಷ್ಟು ಹೊತ್ತು ಮಾತ್ರ.

ಮಾರ್ಚ್ ತಿಂಗಳಲ್ಲಿ ಅದೇ ತರಗತಿಯ ಮೇಡಂ ಗಲೀಲಾ ಎಂಬವರು ದೂರು ಕೊಟ್ಟರು. ಇನ್ಶಿರಾಹ್ ಅವರ ಭುಜಕ್ಕೆ ಮೂರು ನಿಮಿಷ, ತನ್ನ ಭುಜಕ್ಕೆ ಒಂದೇ ನಿಮಿಷ, ತಾನೂ ಈ ದೇಶದ ಪ್ರಜೆಯೇ ಎಂಬುದು ದೂರಿನ ಸಾರಾಂಶ. ಎಲ್ಲರೂ ಉಸ್ತಾಜ್, ಅಂದರೆ ಸಾಹೇಬರು, ಎಂದು ಕರೆಯುವ ನಿರ್ದೇಶಕ ರುಶ್ದಿ ಶಾಹಿಂದಾಳನ್ನು ಕರೆಸಿದರು.

"ಕೇಳದೆ ಯಾರನ್ನಾದ್ರೂ ಮುಟ್ಟಿದೀಯಾ?"

"ಇಲ್ಲ ಉಸ್ತಾಜ್. ಕೇಳ್ತೀನಿ. ಬೇಡ ಅಂದ್ರೆ ಮುಂದಕ್ಕೆ ಹೋಗ್ತೀನಿ."

"ಬಾಯಲ್ಲಿ ಕೇಳ್ತೀಯಾ?"

"ಮತ್ತೆ ಇನ್ನೆಲ್ಲಿ ಕೇಳ್ಲಿ?"

"ಅಲ್ಲೇ ಎಡವಟ್ಟಾಗಿರೋದು. ಬಾಯಲ್ಲಿ ಹೇಳಿದ್ದಕ್ಕೆ ಹದ್ದಿನ ಮೊಹರು ಹಾಕೋಕಾಗುತ್ತಾ?"

ನಮ್ಮಲ್ಲಿ ಸರಕಾರದ ಲಾಂಛನವಾದ ಹದ್ದಿನ ಮೊಹರಿಲ್ಲದೆ ಮನುಷ್ಯ ಹುಟ್ಟಿದ್ದೂ ಇಲ್ಲ, ಸತ್ತದ್ದೂ ಇಲ್ಲ. ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಿತ್ತು:

"ಸ್ಪರ್ಶಾಪೇಕ್ಷಿಗಳು ಅಂಗವಾರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ಸದರಿ ಅಂಗದ ನಾಲ್ಕು ಭಾವಚಿತ್ರಗಳನ್ನು, ಬಿಳಿ ಹಿನ್ನೆಲೆಯಲ್ಲಿ, ಲಗತ್ತಿಸತಕ್ಕದ್ದು. ನೋವು ವಾಸ್ತವವಾಗಿ ಇದೆಯೆಂಬುದನ್ನು ಮೊಹರು ಶಾಖೆಯವರು ಖುದ್ದು ಪರಿಶೀಲಿಸತಕ್ಕದ್ದು. ಅನುಮತಿ ದೊರೆಯುವ ತನಕ ಬೋಧಕಿಯು ಸದರಿ ಅಂಗಕ್ಕೆ ಮೂರು ಗೇಣು ದೂರದಿಂದ ಸಲಹೆ ನೀಡಬಹುದು."

ಆ ಮಂಗಳವಾರ ಶಾಹಿಂದಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡಿದಳು.

"ಯಾಕೇ ಮಗಳೇ, ಕೈಗೇನಾಯ್ತು?" ಎಂದರು ಇನ್ಶಿರಾಹ್, ಮಲಗಿದಲ್ಲಿಂದಲೇ.

"ನಿಮ್ಮ ಭುಜಕ್ಕೆ ಇನ್ನೂ ಅನುಮತಿ ಬಂದಿಲ್ಲ ತಾಂತ್."

"ಅರವತ್ತೆಂಟು ವರ್ಷದಿಂದ ನನ್ನ ಹತ್ರಾನೇ ಇದೆಯಲ್ಲೇ ಅದು!"

ಅಷ್ಟು ಹೇಳಿ ಅವರು ಛಾವಣಿ ನೋಡುತ್ತಾ ಮಲಗಿದರು. ಇವರಿಗೆ ಅನುಮತಿ ಕೊಡಿಸದೆ ಬಿಡುವುದಿಲ್ಲ ಎಂದು ಶಾಹಿಂದಾ ಅಂದೇ ನಿಶ್ಚಯಿಸಿದಳು.

ಕೋಟು ಹಾಕಿಕೊಂಡೇ ಭುಜದ ಫೋಟೋ ತೆಗೆಸಿದ್ದಾಯಿತು. "ಭುಜ ಸ್ವಲ್ಪ ಗಂಭೀರವಾಗಿರ್ಲಿ, ಸರಕಾರಿ ಕೆಲಸ," ಎಂದ ಸ್ಟುಡಿಯೋದವನು. ವಾರದ ಕೆಲಸ ಶುರುವಾಗುವ ಭಾನುವಾರ ಬೆಳಿಗ್ಗೆ ಇಬ್ಬರೂ ಯುವಕೇಂದ್ರದ ಪಡಸಾಲೆಯ ಕೊನೆಯಲ್ಲಿದ್ದ ಮೊಹರು ಶಾಖೆಗೆ ಹೋದರು.

ಮೊಹರು ಶಾಖೆ ಎಂದರೆ ಮೇಡಂ ಇತಿಮಾದ್. ಅವರ ಮೇಜಿನ ಮೇಲೆ ಕಡತಗಳಿಗಿಂತ ಬದನೆಕಾಯಿಗಳೇ ಹೆಚ್ಚು. ಇಪ್ಪತ್ತಾರು ವರ್ಷಗಳಿಂದ ಅವರು ಕಚೇರಿ ಸಮಯದಲ್ಲಿ, ಮನೆಯಲ್ಲಿ ಅನ್ನ ತುಂಬಿ ಬೇಯಿಸುವ ಬದನೆಕಾಯಿಗಳ ತಿರುಳು ತೆಗೆಯುತ್ತಾ ಬಂದವರು. ನಡುನಡುವೆ ಹದ್ದನ್ನೂ ಒತ್ತುತ್ತಿದ್ದರು. ಇದರಿಂದಾಗಿ ಅವರ ಹೆಬ್ಬೆರಳುಗಳಿಗೆ ಇಡೀ ಇಲಾಖೆಯಲ್ಲೇ ಇಲ್ಲದಷ್ಟು ಬಲ ಬಂದಿತ್ತು. ಆದರೆ ಅದು ಇಲಾಖೆಗೆ ಇನ್ನೂ ತಿಳಿದಿರಲಿಲ್ಲ.

"ಎಲ್ಲಿ ನೋವು?" ಎಂದು ಇತಿಮಾದ್ ಕೈ ತೊಳೆದು ಬಂದರು.

"ಇಲ್ಲಿ... ಅಯ್ಯೋ ದೇವರೇ! ಸ್ವಲ್ಪ ಕೆಳಗೆ... ಹಾಂ, ಅಲ್ಲೇ ಕಣೇ, ಅಲ್ಲೇ!"

ಪರಿಶೀಲನೆ ನಾಲ್ಕು ನಿಮಿಷ ನಡೆಯಿತು. ಇನ್ಶಿರಾಹ್ ಅವರ ಕಣ್ಣಲ್ಲಿ ನೀರು ಬಂತು, ಮುಖ ಅರಳಿತು.

"ನೋವು ಇತ್ತು, ನಿಜ," ಎಂದರು ಇತಿಮಾದ್. "ಈಗ ಇದೆಯಾ?"

"ಇಲ್ಲಮ್ಮ, ಹೋಯ್ತು!"

"ಇಲ್ಲದ ನೋವಿಗೆ ಮೊಹರು ಹಾಕೋ ಹಾಗಿಲ್ಲ. ಅರ್ಜಿ ತಿರಸ್ಕೃತ."

"ಇದೆಂಥ ನ್ಯಾಯ ಮೇಡಂ?" ಎಂದು ಶಾಹಿಂದಾ ರೇಗಿದಳು.

"ಸುಮ್ನಿರೇ," ಎಂದು ಇನ್ಶಿರಾಹ್ ಅವಳ ಕೈ ಚಿವುಟಿದರು. "ಮತ್ತೆ ಯಾವಾಗ ಅರ್ಜಿ ಹಾಕ್ಬಹುದು, ಮೇಡಂ?"

"ನೋವು ಬಂದಾಗ."

"ಮಂಗಳವಾರ ಬರುತ್ತೆ."

ಮಂಗಳವಾರ ನೋವು ಬಂತು. ಗಲೀಲಾ ಅವರಿಗೂ ಬಂತು. ಅವರಿಗೂ ಅಷ್ಟೇ ನಾಲ್ಕು ನಿಮಿಷ, ಅಷ್ಟೇ ತಿರಸ್ಕಾರ ಸಿಕ್ಕಿತು. ಸಮಾನತೆ ಎಂದರೆ ಇದು ಎಂದು ಅವರು ದೂರು ವಾಪಸು ಪಡೆದರು. ಮೇ ತಿಂಗಳ ಹೊತ್ತಿಗೆ ಯೋಗದ ಸಭಾಂಗಣ ಖಾಲಿಯಾಗಿ, ಮೊಹರು ಶಾಖೆಯ ಹೊರಗೆ ಹೆಂಗಸರು ಚಾಪೆ ಹಾಸಿಕೊಂಡು, ಸರದಿ ಬರುವವರೆಗೆ ಕೈಕಾಲು ಚಾಚುತ್ತಾ ಚಹಾ ಕುಡಿಯುತ್ತಿದ್ದರು. ಒಬ್ಬರಿಗೂ ಅನುಮತಿ ಸಿಗಲಿಲ್ಲ. ಯಾರೂ ಬೇಸರಪಡಲಿಲ್ಲ.

"ನನ್ನ ತರಗತಿ ಗತಿ ಏನು ಉಸ್ತಾಜ್?" ಎಂದು ಶಾಹಿಂದಾ ಕೇಳಿದಳು.

"ನಡೀತಾ ಇದೆಯಲ್ಲಮ್ಮ, ಪಡಸಾಲೇಲಿ! ಅನಧಿಕೃತ ಸ್ಪರ್ಶ ಶೂನ್ಯ ಅಂತ ಮೇಲಿನವರಿಂದ ಅಭಿನಂದನೆ ಬಂದಿದೆ." ಸಂಬಳ ನಿಲ್ಲದಂತೆ ಅವಳನ್ನು ಸರದಿಯ ಚೀಟಿ ಹಂಚುವ ಕೆಲಸಕ್ಕೆ ಹಾಕಿದರು.

ಅವಳು ಚೀಟಿ ಹಂಚಿದಳು. ಒತ್ತಿ ಅಭ್ಯಾಸವಿದ್ದ ಬೆರಳುಗಳು ಚೀಟಿ ಹರಿಯುತ್ತಿವೆಯಲ್ಲ ಎಂದು ಮೊದಲ ವಾರ ಅವಳಿಗೆ ಅಳುವೇ ಬಂತು. ಎರಡನೆಯ ವಾರ ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ವಾರ ಇನ್ಶಿರಾಹ್ ಅವಳ ಕೈಯಿಂದ ಚೀಟಿಯ ಕಟ್ಟು ಕಿತ್ತುಕೊಂಡು, ಅದರಲ್ಲೊಂದು ಚೀಟಿಯನ್ನು ಅವಳಿಗೇ ಕೊಟ್ಟು ಒಳಗೆ ತಳ್ಳಿದರು.

ಇತಿಮಾದ್ ಅವಳ ಕುತ್ತಿಗೆಯ ಮೇಲೆ ಹೆಬ್ಬೆರಳಿಟ್ಟವರೇ ಬೆಚ್ಚಿದರು. "ಇದೇನೇ ಇದು, ಕಲ್ಲು! ನಿನಗೆ ಯಾರು ಒತ್ತುತ್ತಿದ್ರು ಇಷ್ಟು ವರ್ಷ?"

ಶಾಹಿಂದಾ ಯೋಚಿಸಿದಳು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳು ಕೂಡ.

"ಯಾರೂ ಇಲ್ಲ ಮೇಡಂ."

ಇತಿಮಾದ್ ಒತ್ತತೊಡಗಿದರು. ನಾಲ್ಕು ನಿಮಿಷವಾಯಿತು. ನಿಯಮದ ಪ್ರಕಾರ ಪೆನ್ನು ತೆಗೆದುಕೊಳ್ಳಲು ಅವರು ಕೈ ತೆಗೆಯುವಷ್ಟರಲ್ಲಿ ಶಾಹಿಂದಾ ಕಣ್ಣು ತೆರೆಯದೆಯೇ ಅವರ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿ ಹಿಡಿದುಕೊಂಡಳು.

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ತಿರಸ್ಕರಿಸಿ, ಮೇಡಂ."

ಮನವಿ ನ್ಯಾಯಯುತವಾಗಿ ಕಂಡಿದ್ದರಿಂದ ಅದನ್ನು ಪುರಸ್ಕರಿಸಲಾಯಿತು.