ಹಸಿರು ಮೂಗಿನ ಅಪರಿಚಿತೆ

ಚಿತ್ರಕಾರ ಕೊರ್ನಿಯೆ ತೀರಿಕೊಂಡ ಮೂರನೆಯ ದಿನ ಅವನ ಅಣ್ಣನ ಮಗ ಬಂದು, ಜೋಸ್ಯಾನಳ ಕೋಣೆಯ ಗೋಡೆಯಿಂದ ಅವಳದೇ ಚಿತ್ರವನ್ನು ಇಳಿಸಿಕೊಂಡು ಹೋದ.

ಪ್ಯಾರಿಸ್ಸಿನ ಆ ಆರಂತಸ್ತಿನ ಕಟ್ಟಡದ ಬಾಗಿಲು ಕಾಯುವುದು, ಮೆಟ್ಟಿಲು ಒರೆಸುವುದು ಇಪ್ಪತ್ತೆರಡು ವರ್ಷದಿಂದ ಜೋಸ್ಯಾನಳ ಕೆಲಸ. ಒಂದು ಚಳಿಗಾಲವಿಡೀ ಐದನೆಯ ಮಹಡಿಯ ಕೊರ್ನಿಯೆಗೆ ಸೂಪು ಹೊತ್ತದ್ದಕ್ಕೆ ಮುದುಕ ಅವಳನ್ನು ಜಲವರ್ಣದಲ್ಲಿ ಬರೆದು ಕೊಟ್ಟಿದ್ದ. ಕೊಟ್ಟದ್ದಕ್ಕೆ ಕಾಗದವಿರಲಿಲ್ಲ. ಸೂಪಿಗೂ ಇರಲಿಲ್ಲ.

ಅಣ್ಣನ ಮಗ ಚಿತ್ರವನ್ನು ಹರಾಜಿಗಿಟ್ಟ ದಿನ ಅವಳು ಸುತ್ತಿಗೆ ಹಿಡಿಯುವ ಸಾಹೇಬನೆದುರು ನಿಂತಳು. ಜೊತೆಗೆ ಎರಡನೆಯ ಮಹಡಿಯ ನಿವೃತ್ತ ಶಿಕ್ಷಕಿ ಮದಾಂ ಪೆಲ್ತಾನ್, ಎದುರು ಬೀದಿಯ ಬ್ರೆಡ್ಡಿನಂಗಡಿಯ ರೆಮಿ.

"ಇದರಲ್ಲಿರೋದು ನಾನು ಸ್ವಾಮಿ."

ಸಾಹೇಬ ಚಿತ್ರ ನೋಡಿದ. ಮೂಗು ಹಸಿರು, ಕೆನ್ನೆ ನೇರಳೆ. "ಪುರಾವೆ ಇದೆಯಾ ಮದಾಂ? ಇಲ್ಲಾಂದ್ರೆ ಪಟ್ಟಿಯಲ್ಲಿ ಬರೆದದ್ದೇ ಸರಿ: ಅಪರಿಚಿತ ಸ್ತ್ರೀ."

"ಆ ಕೈಯಲ್ಲಿರೋದು ನನ್ನ ಒರೆಸೋ ಕೋಲು!"

"ತಜ್ಞರು ಅದನ್ನ ರಾಜದಂಡ ಅಂದಿದ್ದಾರೆ."

ಚಿತ್ರದ ಸುತ್ತ ಜನ ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದರು. ಒಬ್ಬ ಈಕೆ ರಷ್ಯಾದ ರಾಜಕುಮಾರಿ ಎಂದ. ಇನ್ನೊಬ್ಬಳು ಚಿತ್ರಕಾರನ ಗುಟ್ಟಿನ ಪ್ರೇಯಸಿ ಎಂದಳು. ಯಾರಿರಬಹುದೆಂದು ಕೇಳದವರಿಲ್ಲ, ಪಕ್ಕದಲ್ಲೇ ನಿಂತವಳನ್ನು ಕೇಳಿದವರೂ ಇಲ್ಲ.

"ತಲೆ ಕೆಡಿಸ್ಕೋಬೇಡಿ, ಕೊಂಡೇಬಿಡೋಣ," ಎಂದ ರೆಮಿ. ಕಟ್ಟಡದವರು ಎತ್ತಿದ ಚಂದಾ ಬಿಸ್ಕತ್ತಿನ ಡಬ್ಬಿಯಲ್ಲಿತ್ತು.

"ಕೈ ಎತ್ತಬೇಡ ಜೋಸ್ಯಾನ್," ಮದಾಂ ಪೆಲ್ತಾನ್ ಪಿಸುಗುಟ್ಟಿದಳು. "ಆಸೆ ತೋರಿಸಿದ್ರೆ ಬೆಲೆ ಏರತ್ತೆ. ಸುಮ್ನೆ ಮೂಗು ಕೆರ್ಕೋ, ಸಾಹೇಬರಿಗೆ ಅರ್ಥ ಆಗತ್ತೆ."

ಜೋಸ್ಯಾನ್ ಮುಂದಿನ ಸಾಲಿನಲ್ಲಿ ಕೂತು ಮೂಗು ಕೆರೆದಳು. ಹಿಂದೆ ಗೋಡೆಗೊರಗಿ ನಿಂತಿದ್ದ ರೆಮಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹೆದರಿ ಸುಮ್ಮನಾದಳೆಂದು ತಾನೇ ಕೈ ಎತ್ತಿದ. ಅವಳು ಕೆರೆದಳು, ಅವನು ಎತ್ತಿದ, ಬೆಲೆ ಏರಿತು. ಸಾಹೇಬನ ಕತ್ತು ಗಡಿಯಾರದ ಲೋಲಕದ ಹಾಗೆ ಆಡತೊಡಗಿತು. ಅಣ್ಣನ ಮಗನ ಮುಖ ಹಬೆಯಾಡುವ ಬ್ರೆಡ್ಡಿನಂತೆ ಉಬ್ಬಿತು. ಮದಾಂ ಪೆಲ್ತಾನ್ ತಿರುಗಿ ನೋಡಿ, "ಅಯ್ಯೋ ಗೂಬೆ, ಇಳಿಸೋ ಕೈನ!" ಎಂದು ಕಿರುಚುವ ಹೊತ್ತಿಗೆ ಡಬ್ಬಿಯ ತಳ ಕಂಡಿತ್ತು.

ಸುತ್ತಿಗೆ ಬಿತ್ತು. ಚಿತ್ರ ಜೋಸ್ಯಾನಳದು!

ರೆಮಿ ಕುಣಿದ. ಆಗ ಮೂಲೆಯಿಂದ ಬೂದು ಕೋಟಿನವನೊಬ್ಬ ಎದ್ದ. "ವಸ್ತುಸಂಗ್ರಹಾಲಯಕ್ಕಾಗಿ ಸರ್ಕಾರ ಇದನ್ನ ತಗೊಳ್ತಿದೆ."

"ಒಂದ್ಸಲಾನೂ ಕೈ ಎತ್ತದೇನಾ?" ರೆಮಿಯ ಕಾಲು ಗಾಳಿಯಲ್ಲೇ ನಿಂತಿತು.

"ಸುತ್ತಿಗೆ ಬಿದ್ದ ಮೇಲೆ ಅದೇ ಬೆಲೆಗೆ ಸರ್ಕಾರ ಕೊಂಡವರ ಜಾಗಕ್ಕೆ ಬರಬಹುದು," ಎಂದ ಸಾಹೇಬ. "ಕಾನೂನು."

ಜೋಸ್ಯಾನ್ ಮೂಗಿನಿಂದ ಬೆರಳು ತೆಗೆದಳು. ಬೂದು ಕೋಟಿನವನು ಬೆಚ್ಚಿದ. "ಆ ಮಚ್ಚೆ! ಮದಾಂ, ಅದು ನೀವೇ! ಕೊರ್ನಿಯೆಯವರ ಪತ್ರ ನಮ್ಮಲ್ಲಿದೆ: 'ಮೂಗಿನ ಪಕ್ಕ ಮಚ್ಚೆ, ಕೈಯಲ್ಲಿ ಒರೆಸೋ ಕೋಲು, ನಮ್ಮ ಮೆಟ್ಟಿಲುಗಳ ದೊರೆಸಾನಿ!'" ಅವಸರದಿಂದ ಕಾಗದ ಹರಡಿದ. "ಚಿತ್ರದಲ್ಲಿರೋದು ನಾನೇ ಅಂತ ಇಲ್ಲಿ ಹೆಸರು ಬರೆದು ಸಹಿ ಹಾಕಿ. ಇದೊಂದು ಸಿಕ್ಕಿದ್ರೆ ಚಿತ್ರಕ್ಕೆ ಮುಖ್ಯ ಗೋಡೆಯಲ್ಲೇ ಜಾಗ."

"ಹಾಕಿ ಮದಾಂ," ಎಂದ ಸಾಹೇಬ, ಈಗ ಬಲು ಮೆತ್ತಗೆ.

"ಹಾಕೇ, ನಿನ್ನ ಹೆಸರು ಉಳಿಯತ್ತೆ!" ಮದಾಂ ಪೆಲ್ತಾನ್ ತಿವಿದಳು.

"ಚಿತ್ರ ನನಗೆ ಕೊಡ್ತೀರಾ?"

"ಅದು ಹೇಗಾಗತ್ತೆ? ಟಿಕೆಟ್ ತಗೊಂಡು ಬಂದು ಎಷ್ಟು ಹೊತ್ತಾದ್ರೂ ನೋಡಿ."

ಜೋಸ್ಯಾನ್ ಚಿತ್ರವನ್ನು ಕಣ್ತುಂಬ ನೋಡಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಅವನ ಕೈಗಿಟ್ಟಳು.

"ಹಾಕಲ್ಲ ಸ್ವಾಮಿ. ಈಯಮ್ಮ ಯಾರೋ ನನಗೆ ಗೊತ್ತಿಲ್ಲ."